ಒಣ ಮೈಯ ಎಂಜಿನ್

ಒಲೆಗೆ ಇನ್ನೆರಡು ಕರಟ ಹಾಕ್ರಪ್ಪ, ಹೇಳ್ತೀನಿ. ಈ ಕರಟದಿಂದಲೇ ಹುಟ್ಟಿದ ಕಥೆ ಅದು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹಂದನಕೆರೆಯ ನಮ್ಮ ಮನೆಯ ಅಟ್ಟದಿಂದ ಒಣಗಿದ ಕಾಯಿ ಇಳಿಸಿ, ಒಡೆದು, ಉಂಡೆ ಕೊಬ್ಬರಿ ತಿಪಟೂರಿಗೆ ಹೋದ ಮೇಲೆ ಹಿತ್ತಲಲ್ಲಿ ಕರಟದ ಗುಡ್ಡೆ ಉಳಿಯೋದು. ನಮ್ಮ ಸೋದರಮಾವ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವರು. ಕರೆಂಟಿಲ್ಲದೆ ತೋಟ ಒಣಗುವುದನ್ನು ಕಂಡು, ಈ ಕರಟದ ಬೆಂಕಿಯಿಂದಲೇ ಯಾಕೆ ನೀರೆತ್ತಬಾರದು ಅಂತ ಅವರಿಗೆ ಹತ್ತಿಬಿಟ್ಟಿತ್ತು. 1988ರಲ್ಲಿ ನಮ್ಮದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಸೌದೆಯ ಅನಿಲದಿಂದ ಎಂಜಿನ್ ಓಡಿಸಿ ದೀಪ ಹಚ್ಚಿದ್ದರು. ಮಾವ ಹಿಡಿದ ದಾರಿ ಬೇರೆ. ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗ್ 1816ರಲ್ಲಿ ಪೇಟೆಂಟ್ ಪಡೆದ ಎಂಜಿನ್ ಅದು. ಹಬೆಯಿಲ್ಲ, ಬಾಯ್ಲರ್ ಸಿಡಿಯುವ ಭಯವಿಲ್ಲ. ಮುಚ್ಚಿಟ್ಟ ಗಾಳಿ ಕಾದರೆ ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ. ಬೆಂಕಿ ಹೊರಗಡೆ, ಉರುವಲು ಯಾವುದಾದರೂ ಸರಿ.

ಮೊದಲಿಗೊಂದು ಪುಟ್ಟ ಮಾದರಿ. ಟೆಸ್ಟ್ ಟ್ಯೂಬಿನೊಳಗೆ ಗೋಲಿಗಳು, ಬಾಯಿಗೆ ರಬ್ಬರ್ ಬಿರಡೆ, ಅದರಿಂದ ಸಣ್ಣ ಕೊಳವೆ ಕೆಳಗೆ ನಿಲ್ಲಿಸಿದ ಗಾಜಿನ ಸಿರಿಂಜಿಗೆ. ಟ್ಯೂಬು ಏತದ ಹಾಗೆ ತೂಗಬೇಕು. ತಳದ ಕೆಳಗೆ ಸ್ಪಿರಿಟ್ ದೀಪ. ಗೋಲಿ ಬಾಯಿ ಕಡೆ ಉರುಳಿದಾಗ ಗಾಳಿ ಬಿಸಿ ತಳಕ್ಕೆ ಸರಿದು ಹಿಗ್ಗುತ್ತದೆ, ಸಿರಿಂಜಿನ ದಂಡ ಬಾಯಿ ತುದಿಯನ್ನು ಎತ್ತುತ್ತದೆ. ಗೋಲಿ ವಾಪಸ್ ತಳಕ್ಕೆ ಉರುಳುತ್ತದೆ, ಗಾಳಿ ತಣ್ಣನೆ ಕಡೆ ಬಂದು ಕುಗ್ಗುತ್ತದೆ, ತುದಿ ಇಳಿಯುತ್ತದೆ.

ಆದರೆ ಅದು ಒಮ್ಮೆ ಎದ್ದು ನಿಂತುಬಿಡುತ್ತಿತ್ತು. ಅಜ್ಜಿ ಕೊಬ್ಬರಿ ಎಣ್ಣೆ ಬಟ್ಟಲು ಹಿಡಿದು ಬಂದರು. "ಎಣ್ಣೆ ಬಿಡ್ದೆ ಹೆಂಗ್ಲಾ ಆಡ್ತದೆ?" ಬಿಟ್ಟೂ ಬಿಟ್ಟರು. ಮಧ್ಯಾಹ್ನದ ಬಿಸಿಲಲ್ಲಿ ಸ್ವಲ್ಪ ಆಡಿತು. ಮಾರನೇ ದಿನ ಬೆಳಿಗ್ಗೆ, ಮಾರ್ಗಶಿರದ ಚಳಿ, ದಂಡ ಅಲುಗಲೊಲ್ಲದು! ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದಲ್ಲ. ಹೆಪ್ಪುಗಟ್ಟದಿದ್ದರೂ ಅಂಥ ಎಂಜಿನ್‌ಗೆ ಎಣ್ಣೆ ಹೊರೆಯೇ. ಗಾಳಿ ತಳ್ಳುವ ಬಲ ಅಷ್ಟು ಅಲ್ಪ, ಎಣ್ಣೆಯ ಅಂಟು ಬಿಡಿಸುವುದರಲ್ಲೇ ತೀರಿಹೋಗುತ್ತದೆ.

"ಇದು ಪಂಪ್‌ಸೆಟ್ ಅಲ್ಲ ಕಣವ್ವ, ಇದಕ್ಕೆ ಒಣ ಮೈನೇ ಬೇಕು" ಅಂದರು ಮಾವ. ಸೀಗೆಪುಡಿಯಲ್ಲಿ ಜಿಡ್ಡು ತೊಳೆದು, ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ, ದಂಡವನ್ನು ದೀಪದ ಬೆಳಕಿಗೆ ಹಿಡಿದರು. ದಂಡದ ಮೇಲೊಂದು ನಂಬರ್, ಹೊರ ಕೊಳವೆಯ ಮೇಲೆ ಇನ್ನೊಂದು. ಅಂಥ ಸಿರಿಂಜುಗಳನ್ನು ಜೋಡಿಯಾಗಿಯೇ ತೇಯ್ದಿರುತ್ತಾರೆ, ಒಂದರ ದಂಡ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಕಾಂಪೌಂಡರು ಕೊಟ್ಟಿದ್ದ ಹಳೇ ಡಬ್ಬಿಯಲ್ಲಿ ಹುಡುಕಿ ಸರಿಯಾದ ಜೋಡಿ ತೆಗೆದರು. ಆಮೇಲೆ ಮೂತಿಗೆ ಬೆರಳೊತ್ತಿ ನೆಟ್ಟಗೆ ಹಿಡಿದರು, ದಂಡ ನಿಂತಿತು. ಬೆರಳು ತೆಗೆದರು, ತನ್ನ ಭಾರಕ್ಕೇ ಮೆಲ್ಲಗೆ ಜಾರಿತು. ಗಾಳಿ ಸೋರಬಾರದು, ದಂಡ ಹಿಡಿಯಲೂ ಬಾರದು. ಈ ಕೆಲಸದ ಕಷ್ಟವೆಲ್ಲ ಅಲ್ಲೇ ಇದೆ.

ಮೆತ್ತನೆ ಪೆನ್ಸಿಲ್ಲಿನ ಕಡ್ಡಿಯನ್ನು ದಂಡಕ್ಕೆ ತೆಳ್ಳಗೆ ಸವರಿ, ಹೆಚ್ಚಾದ ಪುಡಿ ಊದಿದರು. ಆ ಕಡ್ಡಿಯ ಗ್ರಾಫೈಟಿನ ಪದರಗಳು ಒಂದರ ಮೇಲೊಂದು ಜಾರುತ್ತವೆ. ಗಟ್ಟಿ ಪೆನ್ಸಿಲ್ಲಿನಲ್ಲಿ ಜೇಡಿಮಣ್ಣು ಜಾಸ್ತಿ, ಅದು ಬೇಡ. ಕೊನೆಗೆ ಇನ್ನೊಂದು ಕಂಡುಕೊಂಡರು. ಟ್ಯೂಬಿನ ತುದಿ ಏರಿಳಿಯುವಾಗ ದಂಡವನ್ನು ಪಕ್ಕಕ್ಕೂ ದೂಡುತ್ತಿತ್ತು, ದಂಡ ಒಂದು ಮಗ್ಗುಲಿಗೆ ಉಜ್ಜುತ್ತಿತ್ತು. ನಡುವೆ ಸೈಕಲ್ಲಿನ ವಾಲ್ ಟ್ಯೂಬಿನ ತುಂಡು ಸೇರಿಸಿದರು, ಆ ರಬ್ಬರು ಬಾಗಿ ಅಡ್ಡ ತಳ್ಳನ್ನು ನುಂಗಿತು. ಈಗ ನಾಸಾದವರು ಪಿಸ್ಟನ್ನು ಸಿಲಿಂಡರಿಗೆ ತಾಗದ ಹಾಗೆಯೇ ಸ್ಟರ್ಲಿಂಗ್ ಎಂಜಿನ್ ಮಾಡಿ ವರ್ಷಗಟ್ಟಲೆ ಓಡಿಸಿದ್ದಾರೆ. ಮಾವ ಬೆನ್ನಟ್ಟಿದ್ದೂ ಅದೇ ಉಜ್ಜಾಟವನ್ನು.

ದೀಪ ಹಚ್ಚಿದರು. ಸ್ವಲ್ಪ ಹೊತ್ತಿಗೆ ಗೋಲಿಗಳು ಟಕ್ಕೆಂದು ಉರುಳಿದವು, ಮತ್ತೆ ಹಿಂದಕ್ಕೆ ಟಕ್ಕೆಂದವು, ನಿಲ್ಲಲೇ ಇಲ್ಲ. ಅಕ್ಕಪಕ್ಕದ ಮಕ್ಕಳೆಲ್ಲ ಜಗಲಿಗೆ ಬಂದರು.

"ನೀರೆತ್ತದೇನ್ಲಾ ಇದು?" ಅಂದರು ಅಜ್ಜಿ.

"ಇದಲ್ಲ ಕಣವ್ವ. 1818ರಲ್ಲಿ ಸ್ಟರ್ಲಿಂಗ್ ಮಾಡಿದ್ದು ಕಲ್ಲುಗಣಿ ನೀರೆತ್ತಿತ್ತು. ನಮಗೆ ಇನ್ನೂ ದಪ್ಪನೇದು ಬೇಕು."

ಮಾರನೇ ಬೆಳಿಗ್ಗೆ ದಪ್ಪ ಸಿರಿಂಜು ಹುಡುಕೋಕೆ ಮಾವ ತಿಪಟೂರಿನ ಬಸ್ಸು ಹತ್ತಿದರು. ಹಟ ಮಾಡಿ ನಾನೂ ಹತ್ತಿದೆ.