ಅಟಿಟ್ಲಾನ್ ದಡದ ಫಾದರ್

ಅಮೆರಿಕದ ಕ್ಯಾಥೊಲಿಕ್ ಧರ್ಮಕೇಂದ್ರಗಳಿಂದ ಒಂದೆರಡು ವಾರದ ಸೇವೆಗೆಂದು ಗ್ವಾಟೆಮಾಲಾಕ್ಕೆ ಹೋಗುವವರನ್ನು ನೋಡಿದಾಗೆಲ್ಲ ನನಗೆ ಫಾದರ್ ಸ್ಟಾನ್ಲಿ ರೋಥರ್ ನೆನಪಾಗುತ್ತಾರೆ. ಒಕ್ಲಹೋಮಾದ ರೈತನ ಮಗ. ಲ್ಯಾಟಿನ್ ತಲೆಗೆ ಹತ್ತದೆ ಮೊದಲ ಸೆಮಿನರಿ ಬಿಡಬೇಕಾಗಿ ಬಂದಿತ್ತು. ಅಂಥವರು 1968ರಲ್ಲಿ ಅಟಿಟ್ಲಾನ್ ಸರೋವರದ ದಡದ ಸಾಂಟಿಯಾಗೊ ಊರಿಗೆ ಹೋಗಿ, ಸ್ಪ್ಯಾನಿಷ್ ಅಷ್ಟೇ ಅಲ್ಲ, ಅಲ್ಲಿನ ಮಾಯಾ ಜನರ ತ್ಸುತುಹಿಲ್ ಭಾಷೆಯನ್ನೂ ಕಲಿತು ಅದರಲ್ಲೇ ಪೂಜೆ ನಡೆಸಿದರು. ಜನರ ಜೊತೆ ಹೊಲಕ್ಕಿಳಿದರು, ಕೆಟ್ಟು ನಿಂತ ಟ್ರಕ್ ರಿಪೇರಿ ಮಾಡಿದರು. ಕೊಲೆ ಬೆದರಿಕೆ ಬಂದಾಗ ತವರಿಗೆ ಹೋದವರು ಈಸ್ಟರ್ ಹೊತ್ತಿಗೆ ತಮ್ಮ ಜನರ ಬಳಿಗೇ ಮರಳಿದರು. 1981ರ ಜುಲೈ 28ರಂದು ಅವರನ್ನು ಗುಂಡಿಟ್ಟು ಕೊಂದರು. ದೇಹ ಒಕ್ಲಹೋಮಾಕ್ಕೆ ಹೋಯಿತು. ಹೃದಯವನ್ನು ಮಾತ್ರ ಊರಿನವರು ತಮ್ಮ ಚರ್ಚಿನಲ್ಲೇ ಉಳಿಸಿಕೊಂಡರು.

ಅದೇ 1968ರಲ್ಲಿ, ಮೆಕ್ಸಿಕೋದಲ್ಲಿ, ಸ್ವತಃ ಪಾದ್ರಿಯಾಗಿದ್ದ ಇವಾನ್ ಇಲಿಚ್ ಅಮೆರಿಕದ ಸ್ವಯಂಸೇವಕ ವಿದ್ಯಾರ್ಥಿಗಳಿಗೆ, ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂದು ಖಡಾಖಂಡಿತವಾಗಿ ಹೇಳಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಗೋಡೆ ಕಟ್ಟಲು ಹೋಗುವವರ ವಿಮಾನದ ಟಿಕೆಟ್ಟಿನ ದುಡ್ಡಲ್ಲಿ ಅಲ್ಲಿನ ಗಾರೆ ಮೇಸ್ತ್ರಿಗೆ ಎಷ್ಟೋ ದಿನದ ಕೂಲಿ ಸಿಗುತ್ತದೆ, ಗೋಡೆಯೂ ನೆಟ್ಟಗಿರುತ್ತದೆ. ಆದರೂ ಹೋಗಲೇಬೇಡಿ ಎನ್ನಲು ನನಗೆ ಮನಸ್ಸಿಲ್ಲ. ಹೋಗಲಿ. ಮೇಸ್ತ್ರಿಗೆ ಕೂಲಿ ಕೊಟ್ಟು, ಅವನು ಹೇಳಿದಂತೆ ಬಾಂಡ್ಲಿ ಹೊರಲಿ. ಯಾವ ಕೆಲಸ ಮೊದಲು ಆಗಬೇಕೆಂದು ಊರಿನವರೇ ಹೇಳಲಿ. ಮುಂದಿನ ವರ್ಷ ಬೇರೆ ದೇಶ ಹುಡುಕದೆ ಅದೇ ಊರಿಗೆ, ಅಲ್ಲಿಯ ಭಾಷೆ ಇನ್ನೊಂದಿಷ್ಟು ಕಲಿತು ಹೋಗಲಿ.