ತವರಿನ ನೀರು

ಬೆಟ್ಟ ನೋಡುವುದಕ್ಕೆ ಬಿಸಿಲು ಬೇಕೆನ್ನುವವರೇ ಹೆಚ್ಚು. ಅವರ ಮಾತಿನಲ್ಲಿ ಸುಳ್ಳಿಲ್ಲ. ಮಳೆಗಾಲದಲ್ಲಿ ಬೆಟ್ಟ ಹತ್ತುವವನಿಗೆ ಕಾಣುವುದು ಮುಂದೆ ಹೋಗುವವನ ಕೊಡೆ ಮಾತ್ರ. ಆದರೆ ಬೆಟ್ಟ ದುಡಿಯುವುದು ಮಳೆಗಾಲದಲ್ಲಿಯೇ. ನಿದ್ದೆಯಲ್ಲಿರುವವನನ್ನು ನೋಡಿ ಬಂದು 'ಅವನನ್ನು ಚೆನ್ನಾಗಿ ಬಲ್ಲೆ' ಎನ್ನುವುದು ಎಷ್ಟು ಸರಿಯೋ, ಬೇಸಗೆಯಲ್ಲಿ ಬೆಟ್ಟ ನೋಡಿ ಬಂದವರ ಮಾತೂ ಅಷ್ಟೇ ಸರಿ.

2022ರ ಜೂನ್ ಕೊನೆಯಲ್ಲಿ, ಆರಿದ್ರಾ ಮಳೆ ಹಿಡಿದಿದ್ದಾಗ, ನಾವು ಐದು ಮಂದಿ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. ಉದ್ಯಾನವೆಂದೊಡನೆ ವಾಚಕರು ಕಲ್ಲುಬೆಂಚು, ಕಾರಂಜಿಗಳನ್ನು ಊಹಿಸಬಾರದು. 1987ರಲ್ಲಿ ಆ ಹೆಸರು ಪಡೆದ ಅದು ಬೆಟ್ಟಕ್ಕೆ ಬೆಟ್ಟ ಹೆಣೆದುಕೊಂಡ ಕಾಡು. ಹಠವೆಲ್ಲ ನನ್ನ ತಾಯಿಯದು. ಕಳಸದ ಸೀಮೆಯಲ್ಲಿ ಹುಟ್ಟಿ ಹರಿಹರಕ್ಕೆ ಸೊಸೆಯಾಗಿ ಬಂದ ಅವರಿಗೆ ಆಗ 74 ವರ್ಷ. ತವರುಮನೆ ಹಿಂದಿನ ವರ್ಷ ಮಾರಾಟವಾಗಿತ್ತು. ಮಳೆ ನಿಂತ ಮೇಲೆ ಹೋಗೋಣವೆಂದರೆ, "ಮಳೆ ನೋಡುವುದಕ್ಕೇ ಅಲ್ಲವೆ ಹೋಗುವುದು?" ಎಂದರು.

ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ಬಲ್ಲವನೊಬ್ಬನ ಹಿಂದೆ ಕುರಿಂಜಲ್ ಗುಡ್ಡದ ಕಡೆ ಹೊರಟೆವು. ಮೊದಲು ಎದುರುಗೊಂಡವು ಇಂಬಳಗಳು. ಈ ಪ್ರಾಣಿ ಕಚ್ಚಿದ್ದು ತಿಳಿಯುವುದೇ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಬಿಡುವುದರಿಂದ, ಅದು ಹೊಟ್ಟೆ ತುಂಬಿ ಉದುರಿದ ಮೇಲೂ ನೆತ್ತರು ಒಸರುತ್ತಿರುತ್ತದೆ. ಬಯಲುಸೀಮೆಯವಳಾದ ನನ್ನ ಶ್ರೀಮತಿ ಹೆಜ್ಜೆಗೊಮ್ಮೆ ಕಾಲು ನೋಡಿಕೊಂಡಳು. ಮಗ ತನ್ನ ಲೆಕ್ಕವನ್ನು ಹನ್ನೊಂದಕ್ಕೆ ಮುಟ್ಟಿಸಿ ಬೀಗಿದ. ತಾಯಿ ಮಾತ್ರ ಸುಣ್ಣ ಹೊಗೆಸೊಪ್ಪಿನ ಗಂಟೊಂದನ್ನು ಕೋಲಿನ ತುದಿಗೆ ಕಟ್ಟಿ ತಂದಿದ್ದರು. ಅವರ ಲೆಕ್ಕ ಸೊನ್ನೆ.

ಅಲ್ಲಿ ಗುಡ್ಡದ ಮೈಯೆಲ್ಲ ಹುಲ್ಲು, ಕಣಿವೆಯ ಮಡಿಲಲ್ಲಿ ಶೋಲೆ ಕಾಡು. ಬಿದ್ದ ಮಳೆ ಹುಲ್ಲಿನ ಬೇರಿನಲ್ಲಿ, ಕಾಡಿನ ತರಗಿನಲ್ಲಿ ಇಂಗಿ, ಮಳೆ ಹೋದ ಮೇಲೂ ತಿಂಗಳುಗಟ್ಟಲೆ ಸಣ್ಣಗೆ ಜಿನುಗುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಈ ಬೆಟ್ಟಸಾಲಿನ ಮಕ್ಕಳು. ನೇತ್ರಾವತಿ ಪಡುವಣಕ್ಕಿಳಿದು ಮಂಗಳೂರಿನ ಬಳಿ ಕಡಲು ಸೇರುತ್ತಾಳೆ. ಉಳಿದಿಬ್ಬರು ಕೂಡಲಿಯಲ್ಲಿ ಒಂದಾಗಿ ಹರಿಹರಕ್ಕೆ ಬರುತ್ತಾರೆ. ಇಲ್ಲಿ ಕಬ್ಬಿಣದ ಅದಿರು ಅಗೆಯುತ್ತಿದ್ದ ಕಾಲದಲ್ಲಿ ಭದ್ರೆಗೆ ಹೂಳೂ ಇಳಿಯುತ್ತಿತ್ತು. ಸುಪ್ರೀಂ ಕೋರ್ಟು 2002ರಲ್ಲಿ ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು.

ಅರ್ಧ ದಾರಿಯಲ್ಲಿ ತಾಯಿ ತೊರೆಯೊಂದರ ಬಳಿ ಕುಳಿತುಬಿಟ್ಟರು. ಮಂಡಿ ಸೋತಿತ್ತು. ನನ್ನ ಮಗಳು, "ತುದಿಯಲ್ಲಿ ಮಂಜಲ್ಲದೆ ಇನ್ನೇನಿದೆ?" ಎಂದು ಅಜ್ಜಿಯ ಪಕ್ಕದಲ್ಲಿ ಕೊಡೆ ಹಿಡಿದು ಕುಳಿತಳು. ಮತ್ತೆ ಬರುವುದು ಅವರಿಂದಾಗದೆಂದು ನಮಗೆಲ್ಲ ತಿಳಿದಿತ್ತು; ಯಾರೂ ಆಡಲಿಲ್ಲ. ಸಮಾಧಾನ ಹೇಳಲೆಂದು ನಾನು ಮಾರಿದ ಮನೆಯ ಮಾತೆತ್ತಿದೆ. ತಾಯಿ ಬೊಗಸೆಯೊಡ್ಡಿ ನೀರು ಕುಡಿದು, "ಮನೆ ಹೋದರೆ ಹೋಗಲಿ. ಹರಿಹರದಲ್ಲಿ ಇಷ್ಟು ವರ್ಷ ಕುಡಿದದ್ದು ಈ ಬೆಟ್ಟದ ನೀರೇ ಅಲ್ಲವೆ? ನನ್ನನ್ನು ಕಳಿಸಿಕೊಡದ ವರ್ಷವೂ ತವರೇ ನನ್ನ ಬಳಿಗೆ ಬಂದಿದೆ," ಎಂದರು.

ತವರೆಂದರೆ ಹೆಣ್ಣಿನ ತಾಯಿಮನೆ. ಒಂದು ವಸ್ತು ಹುಟ್ಟಿಬರುವ ನೆಲೆಯೂ ಹೌದು. ಮೊದಲನೆಯದು ಕೈಬಿಟ್ಟರೆ ಒಂದು ಸಂಸಾರ ನೋಯುತ್ತದೆ. ಎರಡನೆಯದಕ್ಕೆ ಕೇಡಾದರೆ ಕಡಲಿನವರೆಗಿನ ಊರೂರೂ ಬಾಯಾರಬೇಕಾಗುತ್ತದೆ.

ಮರುತಿಂಗಳು ಹರಿಹರದಲ್ಲಿ ಹೊಳೆ ಕೆಂಪಾಗಿ ಏರಿತು. ತಾಯಿ ಸೊಸೆಯನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹೋಗಿ ಬಾಗಿನ ಬಿಟ್ಟು ಬಂದರು.