ಎಲೆ ಎತ್ತಿದವರು ಯಾರು?

ಕಳೆದ ವರ್ಷ ನನಗೂ ನನ್ನ ಭಾವಮೈದುನನಿಗೂ ಎರಡು ತಿಂಗಳ ಕಾಲ ಮಾತಿರಲಿಲ್ಲ. ಆಸ್ತಿಯ ವಿಷಯವಲ್ಲ, ಸಾಲದ ವಿಷಯವೂ ಅಲ್ಲ. ಕಂಪ್ಯೂಟರಿನ ಪರದೆಯ ಮೇಲಿದ್ದ ತಾಳೆಗರಿಯ ಚಿತ್ರವೊಂದು ಇದ್ದಕ್ಕಿದ್ದಂತೆ ಮಾಯವಾದದ್ದೇ ನಮ್ಮ ಮನಸ್ತಾಪಕ್ಕೆ ಕಾರಣವೆಂದರೆ ವಾಚಕರು ನಗಬಹುದು. ನನಗೆ ಆಗ ನಗು ಬಂದಿರಲಿಲ್ಲ.

ನಾನು ಕನ್ನಡ ಅಧ್ಯಾಪಕ. ಪಾಠಪ್ರವಚನಗಳ ನಡುವೆ ಹಳೆಯ ಷಟ್ಪದಿ ಕಾವ್ಯವೊಂದರ ಓಲೆಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ಸಿದ್ಧಪಡಿಸುವ ಕೆಲಸಕ್ಕೆ ಕೈಹಾಕಿದ್ದೆ. ಗರಿಗಳ ಛಾಯಾಚಿತ್ರಗಳು ನೂರಾರು. ಗಾತ್ರದಲ್ಲಿ ಒಂದೊಂದೂ ಆನೆ. ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ಭಾವಮೈದುನ ನನ್ನ ಪಾಡನ್ನು ನೋಡಲಾರದೆ ತಾನಾಗಿಯೇ ಒಂದು ತಂತ್ರಾಂಶವನ್ನು ಬರೆದುಕೊಟ್ಟ. ಎಡಕ್ಕೆ ಗರಿ, ಬಲಕ್ಕೆ ನಾನು ಬರೆಯುವ ಪಾಠ. ಹುಳು ತಿಂದ ಅಕ್ಷರದ ಅಂಚಿನವರೆಗೂ ಚಿತ್ರವನ್ನು ಹಿಗ್ಗಿಸಿ ನೋಡಬಹುದು. ಒಂದು ರಾತ್ರಿ ಹದಿನೇಳು ಪದ್ಯಗಳನ್ನು ಬರೆದು ಮುಗಿಸಿದೆನೋ ಇಲ್ಲವೋ, ಕಿಟಕಿ ಮುಚ್ಚಿಹೋಯಿತು. ಪದ್ಯಗಳೂ ಹೋದುವು. ಮರುದಿನ ಮತ್ತೆ. ನಾಲ್ಕು ದಿನ ಬಿಟ್ಟು ಮತ್ತೆ.

ಫೋನು ಮಾಡಿದರೆ ಅವನದು ಒಂದೇ ಮಾತು: "ಭಾವ, ನನ್ನ ಯಂತ್ರದಲ್ಲಿ ಸರಿಯಾಗಿಯೇ ನಡೆಯುತ್ತಿದೆಯಲ್ಲ! ಮುಚ್ಚಿಹೋಗುವ ಮುಂಚೆ ನೀವು ಏನು ಮಾಡುತ್ತಿದ್ದಿರಿ?"

ಏನು ಮಾಡುತ್ತಿದ್ದೆನೆಂದರೆ? ಓದುತ್ತಿದ್ದೆ! "ನಿನ್ನ ತಪ್ಪನ್ನು ನನ್ನ ತಲೆಗೆ ಕಟ್ಟಬೇಡವಯ್ಯ" ಎಂದು ಫೋನಿಟ್ಟೆ. ಅಲ್ಲಿಗೆ ಮಾತು ನಿಂತಿತು. ಎರಡು ಕಡೆಯ ಕ್ಷೇಮಸಮಾಚಾರವನ್ನೂ ಹೊತ್ತು ಸಾಗಿಸುವ ಭಾರ ನನ್ನಾಕೆಯ ಮೇಲೆ ಬಿತ್ತು.

ದೀಪಾವಳಿಗೆ ಅವನು ಬಂದ. ರಾತ್ರಿ ಊಟವಾದ ಮೇಲೆ ಮಾತಿಲ್ಲದೆ ನನ್ನ ಮೇಜಿನ ಬಳಿ ಕುರ್ಚಿಯೆಳೆದು ಕುಳಿತ.

ಅಂದು ನನಗೆ ತಿಳಿದದ್ದಿಷ್ಟು. ಚಿತ್ರ ಮೂಡಿಸುವ ಕೆಲಸವನ್ನೆಲ್ಲ ಒಬ್ಬನೇ ಆಳಿಗೆ ಒಪ್ಪಿಸಿದರೆ ದೊಡ್ಡ ಗರಿ ಬರುವತನಕ ಪರದೆ ಸ್ತಬ್ಧ. ಆದ್ದರಿಂದ ಚಿತ್ರವನ್ನು ಚೌಕಗಳಾಗಿ ತುಂಡರಿಸಿ, ಚೌಕಗಳನ್ನು ಡಿಸ್ಕಿನಿಂದ ತಂದಿಡಲು ಒಬ್ಬ, ತೆಗೆದು ಬಿಡಿಸಲು ಇನ್ನೊಬ್ಬ, ಹೀಗೆ ಆಳುಗಳನ್ನು ನೇಮಿಸುತ್ತಾರೆ. ಅವರ ಪರಿಭಾಷೆಯಲ್ಲಿ ಇವಕ್ಕೆ ಥ್ರೆಡ್‌ಗಳು, ಎಂದರೆ ಎಳೆಗಳು, ಎಂದು ಹೆಸರು. ಯಾವ ಕ್ಷಣದಲ್ಲಿ ಯಾವ ಎಳೆ ಮುಂದು, ಯಾವುದು ಹಿಂದು ಎಂಬುದು ಬರೆದವನಿಗೂ ತಿಳಿಯದು. ತಂದಿಡುವವನು ಜಾಗ ಸಾಲದಾದಾಗ ಹಳೆಯ ಚೌಕಗಳನ್ನು ಎಸೆಯುತ್ತಲೂ ಇರುತ್ತಾನೆ.

ಮದುವೆಯ ಪಂಕ್ತಿಯನ್ನು ನೆನೆದುಕೊಳ್ಳಿ. ಬಡಿಸುವವನು ಸಾರಿನ ಸೌಟನ್ನು ಎತ್ತಿದ್ದಾನೆ. ಅವನು ಬಗ್ಗುವಷ್ಟರಲ್ಲಿ ಎಲೆ ಎತ್ತುವವನು ಊಟ ಮುಗಿಯಿತೆಂದು ಎಲೆಯನ್ನು ಎತ್ತಿಬಿಟ್ಟ. ಕುದಿಯುವ ಸಾರು ಎಲ್ಲಿಗೆ? ನೆಲಕ್ಕೆ ಬಿದ್ದರೆ ಪುಣ್ಯ. ಗದ್ದಲವಾಗಿ ಎಲ್ಲರಿಗೂ ಗೊತ್ತಾಗುತ್ತದೆ. ಅಷ್ಟರಲ್ಲಿ ಅಲ್ಲಿ ಬೇರೊಬ್ಬರ ಎಲೆ ಬಿದ್ದಿದ್ದರೆ? ಅವರ ಪಾಯಸಕ್ಕೆ ಸಾರು. ಕೂಗಾಟ ಏಳುವುದು ಎಷ್ಟೋ ಹೊತ್ತಿನ ಮೇಲೆ, ಇನ್ನೆಲ್ಲೋ. ನಮ್ಮ ತಂತ್ರಾಂಶ ಸತ್ತಾಗಲೆಲ್ಲ ಯಂತ್ರ ಬರೆದಿಟ್ಟಿದ್ದ ಪಂಚನಾಮೆಯೂ ಹಾಗೆಯೇ ಇದ್ದಿತು: ಒಂದೊಂದು ಸಲ ಒಂದೊಂದು ಜಾಗ, ಅಲ್ಲಿ ಹುಡುಕಿದರೆ ತಪ್ಪೇ ಇಲ್ಲ. ಇದು ಮಾತ್ರ ನನಗೆ ಪರಿಚಿತ ಸಂಗತಿ. ಅರ್ಥ ಕೆಟ್ಟ ಸಾಲಿನಲ್ಲಿಯೇ ಲಿಪಿಕಾರ ತಪ್ಪಿರಬೇಕೆಂದೇನೂ ಇಲ್ಲವಷ್ಟೆ.

ಪ್ರತಿ ಹೆಜ್ಜೆಗೂ ವರದಿ ಬರೆಯುವಂತೆ ಅವನು ಅಲ್ಲಲ್ಲಿ ಸಾಲುಗಳನ್ನು ಸೇರಿಸಿದ. ಮಧ್ಯರಾತ್ರಿಯವರೆಗೂ ತಂತ್ರಾಂಶ ಸಾಧುವಿನಂತೆ ನಡೆಯಿತು. ತೆಗೆದ, ಅರ್ಧ ಗಂಟೆಯಲ್ಲಿ ಸತ್ತಿತು. ವರದಿ ಬರೆಯಲು ಹಿಡಿಯುವ ಚೂರು ಹೊತ್ತೇ ಎಳೆಗಳ ಹಿಂದುಮುಂದನ್ನು ಬದಲಿಸಿಬಿಡುತ್ತದಂತೆ. ನೋಡಿದರೆ ಮರೆಯಾಗುವ ಈ ಜಾತಿಯ ದೋಷಕ್ಕೆ ಭೌತವಿಜ್ಞಾನಿ ಹೈಸೆನ್‌ಬರ್ಗರ ನೆನಪಿನಲ್ಲಿ ಹೈಸೆನ್‌ಬಗ್ ಎಂದು ಹೆಸರಿಟ್ಟಿದ್ದಾರೆ. ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡಿದ ಯಾರಿಗೂ ಇದು ಹೊಸತಲ್ಲ.

ಕಾಫಿ ಕುಡಿಯುತ್ತ ಅವನೊಂದು ಕಥೆ ಹೇಳಿದ. ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸೆಯ ಯಂತ್ರದಿಂದ 1985ರಿಂದ 1987ರವರೆಗೆ ಅಮೆರಿಕ, ಕೆನಡಗಳಲ್ಲಿ ಆರು ಮಂದಿಗೆ ಮಿತಿಮೀರಿದ ವಿಕಿರಣ ತಗುಲಿತು, ಕೆಲವರು ಸತ್ತರು. ತಯಾರಕರು ಪರೀಕ್ಷಿಸಿದರೆ ಯಂತ್ರ ಸರಿಯಾಗಿಯೇ ಇದೆ! 1986ರಲ್ಲಿ ಟೆಕ್ಸಾಸಿನ ಟೈಲರ್ ಊರಿನ ಆಸ್ಪತ್ರೆಯ ಭೌತವಿಜ್ಞಾನಿ, ಯಂತ್ರ ನಡೆಸುವಾಕೆಯನ್ನೇ ಜೊತೆಗೆ ಕೂರಿಸಿಕೊಂಡು ಮತ್ತೆ ಮತ್ತೆ ಯತ್ನಿಸಿದರು. ಗುಟ್ಟು ಆಕೆಯ ಬೆರಳಿನಲ್ಲಿತ್ತು. ಕೈ ಪಳಗಿದ ಆಕೆ ತಪ್ಪು ಅಕ್ಷರವನ್ನು ಬಹು ಬೇಗ ತಿದ್ದಿದಾಗ ಮಾತ್ರ ಒಳಗಿನ ಕೆಲಸಗಳು ಒಂದರೊಡನೊಂದು ತಾಳ ತಪ್ಪುತ್ತಿದ್ದುವು.

"ಭಾವ, ನೀವು ದಿನದ ಕೆಲಸ ಮಾಡಿ. ನಾನು ಸುಮ್ಮನೆ ನೋಡುತ್ತೇನೆ" ಎಂದ.

ಕುಳಿತೆ. ಎರಡು ಪ್ರತಿಗಳಲ್ಲಿ ಒಂದು ಅಕ್ಷರದ ಬಗೆಗೆ ಸಂದೇಹ ಬಂದಿತು. ವಾಡಿಕೆಯಂತೆ ಆ ಗರಿಯಿಂದ ಈ ಗರಿಗೆ, ಈ ಗರಿಯಿಂದ ಆ ಗರಿಗೆ ಐದಾರು ಸಲ ಸರಸರನೆ ತಿರುವಿದೆ. ಹಾಗೆ ಮಾಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

"ಇದೇನು ಮಾಡಿದಿರಿ?"

"ಪಾಠಾಂತರ" ಎಂದೆ. ಕಿಟಕಿ ಮುಚ್ಚಿಹೋಯಿತು.

ಅವನು ಹಾಕಿದ ಕೇಕೆಗೆ ಮಲಗಿದ್ದ ಮಕ್ಕಳು ಎದ್ದರು. ಅವನು ಗರಿಗಳನ್ನು ಒಂದಾದ ಮೇಲೊಂದರಂತೆ ತಿರುವಿ ಪರೀಕ್ಷಿಸಿದ್ದ. ಅವನ ಯಂತ್ರದ ಮೆಮೊರಿ ನನ್ನದರ ನಾಲ್ಕರಷ್ಟು; ಅಲ್ಲಿ ಎಲೆ ಎತ್ತುವ ಪ್ರಸಂಗವೇ ಬರುತ್ತಿರಲಿಲ್ಲ. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ.

ಬಳಿಕ ಅಡ್ರೆಸ್ ಸ್ಯಾನಿಟೈಸರ್ ಎಂಬ ಕಾವಲುಗಾರನನ್ನು ಕೂಡಿಸಿ ತಂತ್ರಾಂಶವನ್ನು ಮತ್ತೆ ಕಟ್ಟಿದ. ಅದರಿಂದ ವೇಗ ಅರ್ಧಕ್ಕಿಳಿಯಿತು. ಬೆಳಗಿನ ಜಾವದವರೆಗೆ ನಾನು ತಿರುವಿದ್ದೇ ತಿರುವಿದ್ದು. ಕೊನೆಗೊಮ್ಮೆ ಪರದೆಯ ಮೇಲೆ ಉದ್ದನೆಯ ವರದಿ ಬಿದ್ದಿತು: ಇಲ್ಲದ ಚೌಕವನ್ನು ಮುಟ್ಟಿದವರು ಇಂಥವರು, ಅದನ್ನು ಮೊದಲೇ ಎಸೆದವರು ಇಂಥವರು, ಮೂಲದಲ್ಲಿ ಆ ಜಾಗವನ್ನು ಪಡೆದವರು ಇಂಥವರು. ಭೂದಾನದ ಶಾಸನ ಕೂಡ ಇಷ್ಟು ವಿವರವಾಗಿ ಹೇಳುವುದಿಲ್ಲ.

ಮೊದಲು ಬೀಗ ಹಾಕಿ ನೋಡಿದ. ಒಬ್ಬನು ಒಳಗಿರುವಾಗ ಇನ್ನೊಬ್ಬನು ಹೊರಗೆ ಕಾಯಬೇಕು. ಈ ಸಮಸ್ಯೆಯನ್ನು ಹಾಲೆಂಡಿನ ಡೈಕ್‌ಸ್ಟ್ರಾ ಎಂಬವರು 1965ರಲ್ಲಿಯೇ ಪುಟ್ಟ ಲೇಖನವೊಂದರಲ್ಲಿ ಬಿಡಿಸಿದ್ದರಂತೆ. ಸಾವು ನಿಂತಿತು, ಆದರೆ ಚಿತ್ರ ಕುಂಟತೊಡಗಿತು. ಆಮೇಲೆ ಪ್ರತಿ ಚೌಕಕ್ಕೂ ಒಂದು ಎಣಿಕೆ ಇಟ್ಟ: ಎಷ್ಟು ಮಂದಿ ಇದನ್ನು ಹಿಡಿದಿದ್ದಾರೆ? ಸೊನ್ನೆಯಾಗುವತನಕ ಎಲೆ ಎತ್ತಬಾರದು. ಎಣಿಕೆಯನ್ನು ಇಬ್ಬರು ಒಮ್ಮೆಗೇ ತಿದ್ದದಂತೆಯೂ ಎಚ್ಚರ ವಹಿಸಿದ. ಬೇಡಿದಂತೆ, ಬರೆದದ್ದು ನಿಮಿಷಕ್ಕೊಮ್ಮೆ ತಾನಾಗಿಯೇ ಉಳಿಯುವ ಏರ್ಪಾಡನ್ನೂ ಮಾಡಿಕೊಟ್ಟ.

ಕಳೆದ ವಾರ ಅದು ಮತ್ತೊಮ್ಮೆ ಮುಚ್ಚಿಹೋಯಿತು. ಕೈಗೆ ಸಿಕ್ಕಿದ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಯಾವ ಗರಿ, ಎಷ್ಟು ಹಿಗ್ಗಿಸಿದ್ದೆ, ಎತ್ತ ತಿರುವಿದೆ ಎಂಬುದೆಲ್ಲವನ್ನೂ ಬರೆದುಕೊಂಡು, ಆಮೇಲೆ ಅವನಿಗೆ ಫೋನು ಮಾಡಿದೆ.